ಮುದ್ದಮ್ಮನ ನೇರಳೆ ಗಂಟು

ನಮ್ಮೂರಲ್ಲಿ ಯಾರೂ ಯಾರ ಹೊಲಕ್ಕೂ ಗುಟ್ಟಾಗಿ ಹೋಗಿ ಬರುವ ಹಾಗಿಲ್ಲ. ರಾಗಿ ಕುಯಿಲಾದ ಮೇಲೆ ದನಕ್ಕೆಂದು ಎಲ್ಲರೂ ಮೂರೆಲೆ ಸೊಪ್ಪಿನ ಬೀಜ ಚೆಲ್ಲುತ್ತಾರೆ. ಅದು ಮೊಳಕಾಲುದ್ದ ಬೆಳೆದು ಬಿಳಿ ಹೂವಿನ ಚೆಂಡು ಬಿಟ್ಟಾಗ ಒಂದು ಗಿಡ ಕಿತ್ತು ಬೇರು ತೊಳೆದರೆ ಸಾಸಿವೆಕಾಳಿನ ಗಾತ್ರದ ಗಂಟುಗಳು ಕಾಣುತ್ತವೆ. ಆ ಗಂಟುಗಳಿಗೆ ಮನೆಗೊಂದು ಬಣ್ಣ. ಹೊಲಕ್ಕೆ ಯಾರು ಬಂದು ಹೋಗುತ್ತಾರೋ ಅವರ ಬಣ್ಣ ಮುಂದಿನ ಬೆಳೆಗೆ ಬೇರಿನಲ್ಲಿ ಬಂದು ಕೂರುತ್ತದೆ. ಸುಮ್ಮನೆ ದಾಟಿ ಹೋದವರದು ಬರುವುದಿಲ್ಲ. ಬದುವಿನ ಮೇಲೆ ಕೂತು ಉಂಡವರದು, ನಕ್ಕವರದು, ಸೆರಗಿನಲ್ಲಿ ಕಣ್ಣೊರೆಸಿಕೊಂಡವರದು ಬರುತ್ತದೆ. ಮಕ್ಕರಿಯಲ್ಲಿ ಮಣ್ಣು ಹೊತ್ತು ತಂದು ಸುರಿದು ನೋಡಿದವರೂ ಇದ್ದಾರೆ. ಮಣ್ಣು ಮಣ್ಣಾಗಿಯೇ ಉಳಿಯಿತು; ಕಾಲು ಬಾರದೆ ಬಣ್ಣ ಬರಲಿಲ್ಲ.

ಹೀಗಾಗಿ ನಮ್ಮಲ್ಲಿ ಸೊಪ್ಪು ಕದಿಯುವವರು ಕಡಿಮೆ. ಕದಿಯಲೇಬೇಕಾದವರು ಮನಸ್ಸಿನಲ್ಲಿ ಏನನ್ನೂ ಇಟ್ಟುಕೊಳ್ಳದೆ ಬೇಗ ಬೇಗ ಕುಯ್ದುಕೊಂಡು ಹೋಗುತ್ತಾರೆ. ಅಂಚೆಯವನ ಎಳೆಹಸಿರು ಬಣ್ಣ ಊರಿನ ಅಷ್ಟೂ ಹೊಲದಲ್ಲಿದೆ. ಕಾಗದ ಕೊಟ್ಟ ಮೇಲೆ ಮಜ್ಜಿಗೆ ಕುಡಿಯದೆ, ನಾಲ್ಕು ಮಾತಾಡದೆ ಅವನು ಎದ್ದವನೇ ಅಲ್ಲ. ಹೊಸ ಸೊಸೆ ಬಂದ ಮನೆಯಲ್ಲಿ ಮೊದಲ ಬೆಳೆಗೆ ಅತ್ತೆ ಬೇರು ಕಿತ್ತು ನೋಡುತ್ತಾಳೆ. ಸೊಸೆಯ ತವರಿನ ಬಣ್ಣ ಬಂದಿದ್ದರೆ ‘ಹುಡುಗಿ ಊರ್ಕೊಂಡ್ಳು’ ಎಂದು ನೆರೆಹೊರೆಗೆಲ್ಲ ಒಬ್ಬಟ್ಟು ಹಂಚುತ್ತಾರೆ. ಬಂದಿಲ್ಲದಿದ್ದರೆ ಸೊಸೆಯನ್ನು ಯಾರೂ ಏನೂ ಅನ್ನುವುದಿಲ್ಲ. ಊರಿನವರೆಲ್ಲ ಸೇರಿ ಅತ್ತೆಯನ್ನು ಬೈಯುತ್ತಾರೆ.

ಒಂದೇ ಬೇರಿನಲ್ಲಿ ಹತ್ತಾರು ಬಣ್ಣ ಕಲೆತಿರುವಾಗ ಯಾವುದು ಯಾರದೆಂದು ಹೇಳುವುದಕ್ಕೆ ಒಂದು ಕಣ್ಣು ಬೇಕು. ಆ ಕಣ್ಣು ನನ್ನ ದೊಡ್ಡವ್ವ ಹೊಂಬಾಳಮ್ಮನಿಗಿತ್ತು. ನಾನು ಇಂದ್ರಾಣಿ, ಆಕೆಯ ತಂಗಿಯ ಮಗಳು. ಹಾಲಿನ ಡೈರಿಯಲ್ಲಿ ಫ್ಯಾಟು ನೋಡುವ ಕೆಲಸ ನನ್ನದು. ಅವ್ವ ತೀರಿಕೊಂಡ ಮೇಲೆ ದೊಡ್ಡವ್ವನ ಮನೆಯಲ್ಲೇ ಇದ್ದೆ. ಮೂರೆಲೆ ಹೂ ಬಿಡುವ ತಿಂಗಳು ಬಂತೆಂದರೆ ನಮ್ಮ ಜಗುಲಿಯ ಮೇಲೆ ಬೆಳಗಿನಿಂದಲೇ ಜನ. ದೊಡ್ಡವ್ವ ಹಿತ್ತಾಳೆಯ ಬೋಗುಣಿಯಲ್ಲಿ ನೀರಿಟ್ಟುಕೊಂಡು, ಬೇರನ್ನು ಕೂಸಿನ ತಲೆ ತೊಳೆದ ಹಾಗೆ ತೊಳೆದು, ಬಿಸಿಲಿಗೆ ಹಿಡಿದು, ಇರುವುದನ್ನು ಇದ್ದ ಹಾಗೆ ಹೇಳುತ್ತಿದ್ದಳು. ಗಂಡ ಹೆಂಡತಿ ಜಗಳವಾಡಿದ್ದು, ಅಣ್ಣ ತಮ್ಮ ರಾಜಿಯಾದದ್ದು, ಮದುವೆಗೆ ಮೊದಲೇ ಯಾರದೋ ಬಣ್ಣ ಯಾರದೋ ಹೊಲಕ್ಕೆ ಬಂದದ್ದು ಎಲ್ಲಕ್ಕೂ ಆಕೆಯ ಮಾತೇ ಕೊನೆ. ‘ಹೊಂಬಾಳಮ್ಮ ಹೇಳಿದ್ಳು’ ಎಂದರೆ ಮುಗಿಯಿತು, ಅದರ ಮೇಲೆ ಮಾತಿರಲಿಲ್ಲ.

ಆಕೆ ಒಬ್ಬನಿಗೆ ಮಾತ್ರ ಸುಳ್ಳು ಹೇಳುತ್ತಿದ್ದಳು. ಅದು ನನಗೂ ಗೊತ್ತಿರಲಿಲ್ಲ.

ಕಲ್ಲುಮನೆ ಚನ್ನಿಗಪ್ಪ ಎತ್ತರದ ಆಳು. ಅರವತ್ತೈದು ದಾಟಿತ್ತು. ಒಂದು ಎಮ್ಮೆ, ಒಂದು ಹೊಲ, ತಾನು ಎಂದುಕೊಂಡು ಬದುಕಿದ್ದವನು. ಅವನ ಹೆಂಡತಿ ಮುದ್ದಮ್ಮ ಬೆಟ್ಟದ ಆಚೆಯ ಊರಿನಿಂದ ಬಂದವಳು. ಆಕೆಯ ಬಣ್ಣ ನೇರಳೆ ಹಣ್ಣಿನದು. ಆ ಬಣ್ಣ ನಮ್ಮೂರಿನ ಬೇರೆ ಯಾವ ಮನೆಗೂ ಇರಲಿಲ್ಲ. ಹನ್ನೊಂದು ವರ್ಷದ ಹಿಂದೆ ಮೂರು ದಿನದ ಜ್ವರದಲ್ಲಿ ಆಕೆ ಹೋಗಿಬಿಟ್ಟಳು. ಹದಿಮೂರನೆಯ ದಿನದ ಕಾರ್ಯ ಮುಗಿಸಿದ ಮಾರನೆಯ ಬೆಳಿಗ್ಗೆಯೇ ಚನ್ನಿಗಪ್ಪ ಹೊಲದ ಸುತ್ತ ಜಾಲಿಮುಳ್ಳು ಬಡಿದ. ‘ಅವ್ಳ ಕಾಲು ತುಳಿದ ಮಣ್ಣು. ಇನ್ನೊಬ್ರ ಕಾಲು ಬಿದ್ರೆ ಅವ್ಳ ಬಣ್ಣ ಅಳ್ಸೋಯ್ತದೆ’ ಎಂದ. ಅಂಚೆಯವನು ಕೂಡ ಅಂದಿನಿಂದ ಬೇಲಿಯಾಚೆ ನಿಂತೇ ಕಾಗದ ಕೊಡುತ್ತಿದ್ದ. ಮಜ್ಜಿಗೆ ಬೇಲಿಯ ಮೇಲಿಂದ ಬರುತ್ತಿತ್ತು.

ಪ್ರತಿ ವರ್ಷ ಹೂವಿನ ತಿಂಗಳಲ್ಲಿ ಚನ್ನಿಗಪ್ಪ ಒಂದು ಗಿಡವನ್ನು ಒದ್ದೆ ಗೋಣಿತಾಟಿನಲ್ಲಿ ಸುತ್ತಿಕೊಂಡು ನಮ್ಮ ಮನೆಗೆ ಬರುತ್ತಿದ್ದ. ಅವನ ಎರಡು ಕಣ್ಣಿಗೂ ಪೊರೆ ಬಂದಿತ್ತು. ಅವನ ಇಟ್ಟಿಗೆಗೆಂಪೂ ಆಕೆಯ ನೇರಳೆಯೂ ಅವನಿಗೆ ಒಂದೇ ಕಪ್ಪಾಗಿ ಕಾಣುತ್ತಿದ್ದವು. ಆಪರೇಷನ್ ಮಾಡಿಸಿಕೋ ಎಂದರೆ, ‘ಇನ್ನು ನೋಡೋದೇನೈತೆ ಬುಡವ್ವ’ ಎನ್ನುತ್ತಿದ್ದ. ಮೊದಲ ವರ್ಷ ದೊಡ್ಡವ್ವ ಹತ್ತೊಂಬತ್ತು ನೇರಳೆ ಗಂಟು ಎಣಿಸಿ ಹೇಳಿದ್ದಳು. ಆಮೇಲೆ ಹನ್ನೊಂದು, ಆಮೇಲೆ ಆರು, ಆಮೇಲೆ ಎರಡು, ಐದನೆಯ ವರ್ಷ ಒಂದು. ಅಂದಿನಿಂದ ಪ್ರತಿ ವರ್ಷವೂ ಒಂದು. ‘ಒಂದೈತೆ ಚನ್ನಿಗಣ್ಣ, ಇಲ್ಲಿ ನೋಡು’ ಎಂದು ಅವನ ತೋರುಬೆರಳನ್ನು ಹಿಡಿದು ಗಂಟಿನ ಮೇಲೆ ಇಡುತ್ತಿದ್ದಳು. ಅವನು ಅದನ್ನು ಎರಡು ಬೆರಳ ನಡುವೆ ಹಿಡಿದು ಮೆಲ್ಲಗೆ ಸವರಿ, ‘ಗಟ್ಟಿಗಿತ್ತಿ ಕಣವ್ವ ಅವ್ಳು’ ಎಂದು ಹೇಳಿ, ಬರುವಾಗ ಇದ್ದದ್ದಕ್ಕಿಂತ ಹಗುರಾಗಿ ನಡೆದುಕೊಂಡು ಹೋಗುತ್ತಿದ್ದ.

ಹನ್ನೊಂದನೆಯ ವರ್ಷ ತಬಸ್ಸುಮ್ ಮೇಡಂ ಬಂದರು. ದೂರದ ಕೃಷಿ ಕಾಲೇಜಿನವರು. ಡೈರಿಯ ಹಿಂದಿನ ಕೋಣೆಯಲ್ಲಿ ಸೂಕ್ಷ್ಮದರ್ಶಕ, ಗಾಜಿನ ತಟ್ಟೆ, ಇನ್ನೂ ಏನೇನೋ ಪೆಟ್ಟಿಗೆಗಳನ್ನು ಇಟ್ಟುಕೊಂಡು ಕೂತರು. ಬೇರಿನ ಗಂಟಿನೊಳಗೆ ಕಣ್ಣಿಗೆ ಕಾಣದ ಜೀವಗಳಿವೆ, ಅವು ಗಾಳಿಯಲ್ಲಿರುವ ಸಾರವನ್ನು ಹಿಡಿದು ಗಿಡಕ್ಕೆ ಉಣಿಸುತ್ತವೆ, ಗಿಡ ಅವಕ್ಕೆ ಸಿಹಿ ಕೊಟ್ಟು ಸಾಕುತ್ತದೆ ಎಂದು ಅವರು ಹೇಳಿದಾಗ ಊರಿನವರು ತಲೆಯಾಡಿಸಿದರು. ಕೊಡುವುದು ತಗೊಳ್ಳುವುದು ಇಲ್ಲದೆ ಯಾರು ಯಾರ ಮನೆಯಲ್ಲಿ ಇರುತ್ತಾರೆ? ಬಣ್ಣ ಯಾಕೆ ಎಂದು ಮೇಡಂ ಮೊದಲ ವಾರ ಕೇಳಿದರು, ಆಮೇಲೆ ಬಿಟ್ಟರು. ಎಷ್ಟು ಬಗೆ ಎಂಬುದನ್ನು ಮಾತ್ರ ಹಿಡಿದುಕೊಂಡರು. ಒಂದೇ ಜಾತಿಯ ಜೀವವಾದರೂ ಒಳಗೆ ನೂರು ತಳಿ, ನೂರು ಗುಣ. ಅದನ್ನು ಹೊಲ ಹೊಲಕ್ಕೂ ಎಣಿಸಬೇಕು ಎಂದು ಬೆಳಗಾದರೆ ಚೀಲ ಹಿಡಿದು ಹೊರಡುತ್ತಿದ್ದರು. ಊರಿನವರು ಅವರಿಗೆ ಗಂಟಿನ ಮೇಡಂ ಎಂದು ಹೆಸರಿಟ್ಟರು. ಮುಂದಿನ ಬೆಳೆಗೆ ಅವರ ಬಣ್ಣವೂ ಯಾವುದೋ ಹೊಲದಲ್ಲಿ ಬಂದೇ ಬರುತ್ತದೆ ಎಂದು ಪಂದ್ಯ ಕಟ್ಟಿದವರೂ ಇದ್ದರು.

ಆ ವರ್ಷ ಚಳಿ ವಿಪರೀತ. ಬೆಳಿಗ್ಗೆ ಹಾಲಿನ ಕ್ಯಾನಿನ ಮುಚ್ಚಳ ಮುಟ್ಟಿದರೆ ಬೆರಳು ಮರಗಟ್ಟುತ್ತಿತ್ತು. ಆದರೂ ಎಲ್ಲರ ಹೊಲ ಹೇಗೋ ತಡೆದುಕೊಂಡಿತು. ಚನ್ನಿಗಪ್ಪನ ಹೊಲ ಮಾತ್ರ ಹಳದಿಗೆ ತಿರುಗಿತು. ಮೂರೆಲೆ ಗೇಣುದ್ದ ಬೆಳೆದು ನಿಂತುಬಿಟ್ಟಿತು. ಅವನ ಎಮ್ಮೆಯ ಹಾಲು ದಿನದಿಂದ ದಿನಕ್ಕೆ ತೆಳುವಾಗುತ್ತ ಬಂದದ್ದನ್ನು ನಾನೇ ಕಣ್ಣಾರೆ ನೋಡಿದೆ. ಫ್ಯಾಟು ಹೇಳುವಾಗ ನನ್ನ ದನಿ ಸಣ್ಣದಾಗುತ್ತಿತ್ತು. ಅವನು ಎಮ್ಮೆಯನ್ನು ಬಿಟ್ಟುಕೊಡುತ್ತಿರಲಿಲ್ಲ. ‘ಅದ್ಕೇನ್ಮಾಡ್ತೀಯ ಮಗ, ಚಳೀಗೆ ಅದೂ ಮುದುರ್ಕೊಂಡೈತೆ’ ಎಂದು ಖಾಲಿ ಕ್ಯಾನು ಎತ್ತಿಕೊಂಡು ಹೋಗುತ್ತಿದ್ದ.

ಒಂದು ಮಧ್ಯಾಹ್ನ ತಬಸ್ಸುಮ್ ಮೇಡಂ ನಮ್ಮ ಜಗುಲಿಗೆ ಬಂದು ಕೂತರು. ಕೈಯಲ್ಲಿ ಒಂದು ಹಾಳೆ. ದೊಡ್ಡವ್ವ ಹುರಿಗಾಳು ಕೊಟ್ಟಳು.

‘ಅಮ್ಮಾ, ಒಂದು ವಿಷಯ ಕೇಳಬೇಕಿತ್ತು. ನಿಮ್ಮ ಹೊಲದಲ್ಲಿ ಇಪ್ಪತ್ತಮೂರು ಬಗೆ ಸಿಕ್ಕವು. ಗಾಣದ ಮನೆಯವರ ಹೊಲದಲ್ಲಿ ಹತ್ತೊಂಬತ್ತು. ಎಲ್ಲರದೂ ಹಾಗೇ. ಆದರೆ ಚನ್ನಿಗಪ್ಪನವರ ಹೊಲದಲ್ಲಿ ಒಂದೇ ಬಗೆ. ಅವರು ಬೇಲಿಯ ಮೇಲಿಂದ ನಾಲ್ಕು ಗಿಡ ಕೊಟ್ಟರು. ಕೊಡುವಾಗ, ಇದರಲ್ಲಿ ನನ್ನ ಹೆಂಡತಿಯದು ಒಂದಿರುತ್ತೆ, ಹುಷಾರಾಗಿ ನೋಡಿ ಅಂದರು. ನಾನು ಅಷ್ಟೂ ಗಂಟು ಬಿಡಿಸಿ ನೋಡಿದೆ. ಎಲ್ಲ ಅವರದೇ. ಹೊರಗೆ ಕೆಂಪು, ಕೊಯ್ದರೆ ಒಳಗೆ ರಕ್ತದ ಹಾಗೆ ಕೆಂಪಗಿರಬೇಕಾದ್ದು ಸಪ್ಪೆ ಬಿಳಿ. ಕೆಲಸ ನಿಲ್ಲಿಸಿಬಿಟ್ಟಿವೆ. ಒಂದೇ ಬಗೆ ಇದ್ದರೆ ಹೀಗೇ ಆಗೋದು. ಒಂದಕ್ಕೆ ತಡೆಯದ ಚಳಿ ಎಲ್ಲಕ್ಕೂ ತಡೆಯೋದಿಲ್ಲ. ಹಲವು ಬಗೆ ಇದ್ದಿದ್ದರೆ ಒಂದು ಸೋತರೂ ಇನ್ನೊಂದು ದುಡೀತಿತ್ತು. ಅದಿರಲಿ, ಅವರ ಹೆಂಡತಿಯದು ನನ್ನ ಕಣ್ಣಿಗೆ ತಪ್ಪಿತಾ? ನೀವು ಹೋದ ವರ್ಷ ನೋಡಿದ್ದಿರಂತೆ.’

ದೊಡ್ಡವ್ವನ ಕೈಯಲ್ಲಿದ್ದ ಮೊರ ಅಲ್ಲೇ ನಿಂತಿತು. ಆಕೆ ನನ್ನ ಮುಖ ನೋಡಲಿಲ್ಲ, ಮೇಡಂ ಮುಖವನ್ನೂ ನೋಡಲಿಲ್ಲ. ಮೊರದಲ್ಲಿದ್ದ ಅವರೆಕಾಳಿಗೆ ಹೇಳುವಂತೆ ಹೇಳಿದಳು, ‘ನಿನ್ ಕಣ್ಣಿಗೆ ತಪ್ಪಿಲ್ಲ ಕಣಮ್ಮ.’

ಐದನೆಯ ವರ್ಷವೇ ನೇರಳೆ ಮುಗಿದುಹೋಗಿತ್ತು. ‘ಒಂದೈತೆ’ ಅನ್ನುವುದು ತೀರಾ ಹಠಾತ್ತನೆ ಬಾಯಿಂದ ಬಂದ ಮಾತಂತೆ. ಆ ದಿನ ಚನ್ನಿಗಪ್ಪ ಹೊಸ ಅಂಗಿ ತೊಟ್ಟು ಬಂದಿದ್ದ, ಗಡ್ಡ ಬೋಳಿಸಿಕೊಂಡಿದ್ದ. ‘ಇಲ್ಲ ಅನ್ನಕ್ಕೆ ಬಾಯಿ ತೆಗ್ದೆ ಮಗ, ನಾಲ್ಗೆ ಹೊರಳ್ನಿಲ್ಲ. ಒಂದೈತೆ ಅಂದ್ಬುಟ್ಟೆ. ಮಾರನೇ ವರ್ಷ ಹೆಂಗ್ ಇಲ್ಲ ಅನ್ನದು?’ ಎಂದಳು ಮೇಡಂ ಹೋದ ಮೇಲೆ. ಆರು ವರ್ಷ ಅವನ ಬೆರಳನ್ನು ಅವನದೇ ಗಂಟಿನ ಮೇಲೆ ಇಟ್ಟಿದ್ದಳು.

ಮೇಡಂ ಲೆಕ್ಕವನ್ನೆಲ್ಲ ಭಾನುವಾರ ಬೆಳಿಗ್ಗೆ ಡೈರಿಯ ಹಜಾರದಲ್ಲಿ ಊರಿನವರ ಮುಂದೆ ಓದುವವರಿದ್ದರು. ಹೊಲ ಹೊಲದ ಹೆಸರು ಹಿಡಿದು. ಚನ್ನಿಗಪ್ಪನದನ್ನು ಬಿಟ್ಟು ಓದಿ ಎಂದು ಕೇಳೋಣವೇ ಎಂದೆ ನಾನು. ದೊಡ್ಡವ್ವ ತಲೆ ಅಲ್ಲಾಡಿಸಿದಳು. ‘ಅವ್ರೇನ್ ಮಾಡವ್ರೆ ತಪ್ಪ? ಇರೋದ ಇದ್ದಂಗೆ ಓದ್ತಾರೆ. ಅದು ನನ್ ಕೆಲ್ಸ ಆಗಿತ್ತು.’

ಶನಿವಾರ ಬೆಳಿಗ್ಗೆ ಆಕೆ ಒಗೆದ ಸೀರೆ ಉಟ್ಟು ಚನ್ನಿಗಪ್ಪನ ಬೇಲಿಯ ಹತ್ತಿರ ಹೋದಳು. ನಾನೂ ಜೊತೆಗಿದ್ದೆ. ಅವನು ಹಳದಿ ಸೊಪ್ಪಿನ ನಡುವೆ ಕುಕ್ಕರುಗಾಲಲ್ಲಿ ಕೂತು ಕಳೆ ತೆಗೆಯುತ್ತಿದ್ದ. ಕಣ್ಣಿಗಿಂತ ಕೈಯೇ ಮುಂದಾಗಿ ಗಿಡಗಳನ್ನು ತಡವುತ್ತಿತ್ತು. ದನಿ ಕೇಳಿ ಎದ್ದು ಬಂದ.

‘ಏನ್ ಹೊಂಬಾಳವ್ವ, ನೀನೇ ಬಂದ್ಬುಟ್ಟೆ? ನಾನೇ ಬರನಾ ಅಂತಿದ್ದೆ. ಈ ಸತಿ ಗಿಡ ವಸಿ ಸಣ್ಣವು. ಆದ್ರೂ ಅವ್ಳು ಬಿಟ್ಟಿರಾಕಿಲ್ಲ ಬುಡು.’

‘ಚನ್ನಿಗಣ್ಣ, ಮುದ್ದಮ್ಮಂದು ಇಲ್ಲ.’

ಅವನಿಗೆ ಅರ್ಥವಾಗಲಿಲ್ಲ. ಬೇಲಿಗೆ ಇನ್ನೂ ಹತ್ತಿರ ಬಂದು ಕಿವಿ ಕೊಟ್ಟ.

‘ಈ ವರ್ಷ ಅಲ್ಲ. ಐದನೇ ವರ್ಷದಿಂದ್ಲೂ ಇಲ್ಲ. ನಾನ್ ಸುಳ್ಳು ಹೇಳ್ದೆ. ನಾಳೆ ಮೇಡಂ ಓದ್ತಾರೆ. ನಾಲ್ಕು ಜನದ ಮುಂದೆ ನಿಂಗೆ ಗೊತ್ತಾಗದು ಬ್ಯಾಡ ಅಂತ ಬಂದೆ.’

ಅವನು ಕೈಯಲ್ಲಿದ್ದ ಕಳೆಯನ್ನು ಒಂದೊಂದಾಗಿ ಕೆಳಗೆ ಬಿಟ್ಟ. ‘ಆರೊರ್ಸ’ ಎಂದ. ಆಮೇಲೆ, ‘ಅಂಗಾರೆ ಆರೊರ್ಸ ನನ್ ಗಂಟ್ನೇ ನಾನು ಸವರ್ಕೊಂಡು ಕೂತಿದ್ನಾ?’ ಎಂದ. ದೊಡ್ಡವ್ವ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡಳು. ಅವನು ಬೈಯಲಿಲ್ಲ. ಬೈದಿದ್ದರೆ ಆಕೆಗೆ ಮೇಲಾಗುತ್ತಿತ್ತು. ಬೆನ್ನು ತಿರುಗಿಸಿ ಹೊಲದ ಆಚೆ ತುದಿಗೆ ಹೋಗಿ ಮತ್ತೆ ಕೂತ.

ಭಾನುವಾರ ಅವನು ಬರುವುದಿಲ್ಲ ಅಂದುಕೊಂಡಿದ್ದೆ. ಬಂದ. ಕೊನೆಯ ಬೆಂಚಿನಲ್ಲಿ ದೊಣ್ಣೆ ಊರಿಕೊಂಡು ಕೂತ. ದೊಡ್ಡವ್ವ ಕಂಬದ ಮರೆಯಲ್ಲಿದ್ದಳು. ಮೇಡಂ ಓದುತ್ತಾ ಹೋದರು. ತಮ್ಮ ಹೊಲದಲ್ಲಿ ಹೆಚ್ಚು ಬಗೆ ಇದ್ದವರು ಮೀಸೆ ತಿರುವಿದರು, ಕಡಿಮೆ ಇದ್ದವರು ನೆಂಟರು ಬರುವುದು ಕಮ್ಮಿಯಾಯಿತೆಂದು ಹೆಂಡತಿಯರ ಕಡೆ ನೋಡಿದರು. ‘ಕಲ್ಲುಮನೆ ಚನ್ನಿಗಪ್ಪನವರ ಹೊಲ, ಒಂದು ಬಗೆ’ ಎಂದು ಮೇಡಂ ಓದಿದಾಗ ಯಾರೂ ಹಿಂದಕ್ಕೆ ತಿರುಗಿ ನೋಡಲಿಲ್ಲ. ಎಲ್ಲರ ಕತ್ತೂ ಬಿಗಿಯಾಗಿ ಮುಂದಕ್ಕೇ ಇತ್ತು.

‘ಇನ್ನೊಂದು ಬಗೆ ಇದೆ, ನನ್ನ ಪಟ್ಟಿಯಲ್ಲಿ ಹದಿನಾಲ್ಕನೆಯದು’ ಎಂದರು ಮೇಡಂ. ‘ಯಾರ ಮನೆಯದು ಅಂತ ಗೊತ್ತಾಗಲಿಲ್ಲ. ಈಗ ಊರಲ್ಲಿರುವ ಯಾರದೂ ಅಲ್ಲ. ಕಡು ನೇರಳೆ. ಒಂಬತ್ತು ಹೊಲದಲ್ಲಿದೆ. ಚಳಿಗೆ ಬಗ್ಗದೆ ದುಡಿದದ್ದರಲ್ಲಿ ಇದೂ ಒಂದು. ಒಂದು ಹೊಲದಲ್ಲಿ ಕಮ್ಮಿಯಾದರೆ ಯಾರದೋ ಕಾಲಿಗೆ ಹತ್ತಿ ಇನ್ನೊಂದರಿಂದ ಬಂದು ಸೇರಿಕೊಂಡಿದೆ. ಹಾಗೆ ಓಡಾಡಿಕೊಂಡೇ ಉಳಿದಿದೆ. ಇದು ಯಾರದು, ಹೇಳ್ತೀರಾ?’

ಮೊದಲು ಬಾಯಿ ಬಿಟ್ಟವಳು ಗಾಣದ ಮನೆಯ ಚೆಲುವಿ. ‘ನನ್ ಬಾಣಂತನದಲ್ಲಿ ದಿನಾ ಸೊಪ್ಪು ಕುಯ್ಕೊಂಡ್ ಬರೋಳು. ಅಲ್ಲೇ ಬದಿನ್ ಮೇಲೆ ಕೂತು ಸೋಸೋಳು’ ಎಂದಳು. ಅಂಚೆಯವನು, ‘ನಮ್ಮಪ್ಪ ಸತ್ತಾಗ ನಮ್ಮೊಲದಲ್ಲಿ ನಮ್ಮವ್ವನ ಜೊತೆ ಕೂತು ಅತ್ತಿದ್ರು’ ಎಂದ. ಒಬ್ಬೊಬ್ಬರಾಗಿ ಒಂಬತ್ತು ಹೊಲದವರೂ ಹೇಳಿದರು. ಎಲ್ಲರಿಗೂ ತಮ್ಮ ತಮ್ಮ ಬೇರಿನಲ್ಲಿ ನೇರಳೆ ಇರುವುದು ಗೊತ್ತಿತ್ತು. ನಮ್ಮಲ್ಲಿ ಮಾತ್ರ ಇದೆ, ಚನ್ನಿಗಪ್ಪನ ಕಿವಿಗೆ ಬಿದ್ದರೆ ನೊಂದುಕೊಳ್ಳುತ್ತಾನೆ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳದೆ ಇಟ್ಟುಕೊಂಡಿದ್ದರು. ಒಂಬತ್ತನೆಯದು ನಮ್ಮ ಹೊಲ. ದೊಡ್ಡವ್ವ ಕಂಬದ ಮರೆಯಿಂದ, ‘ಹುಣಸೆಮರದ ಮೂಲೇಲಿ’ ಎಂದಳು, ಅಷ್ಟೇ.

ಚನ್ನಿಗಪ್ಪ ಎದ್ದು ಹೊರಗೆ ಹೋದ. ದೊಣ್ಣೆಯ ಸದ್ದು ಬೀದಿಯ ಕೊನೆಯವರೆಗೂ ಕೇಳಿಸಿತು.

ಮಾರನೆಯ ಬೆಳಿಗ್ಗೆ ಅವನ ಬೇಲಿಯಲ್ಲಿ ಒಬ್ಬರು ನುಸುಳುವಷ್ಟು ಅಗಲ ಮುಳ್ಳು ತೆಗೆದಿತ್ತು. ಯಾರನ್ನೂ ಅವನು ಕರೆಯಲಿಲ್ಲ. ಮೊದಲು ಹೋದವನು ಅಂಚೆಯವನು. ಕಾಗದವೇನೂ ಇರಲಿಲ್ಲ, ಆದರೂ ಹೋದ. ಆಮೇಲೆ ಚೆಲುವಿ, ಆಮೇಲೆ ಉಳಿದ ಹೆಂಗಸರು ಬುತ್ತಿ ಕಟ್ಟಿಕೊಂಡು ಸರದಿಯಂತೆ. ತಮ್ಮ ಹೊಲದಲ್ಲಿ ನೇರಳೆ ಇರುವ ಜಾಗದಲ್ಲಿ ಬೇಕೆಂದೇ ಬರಿಗಾಲಿನಲ್ಲಿ ನಾಲ್ಕು ಹೆಜ್ಜೆ ಓಡಾಡಿ, ಆ ಕೆಸರಿನ ಕಾಲಲ್ಲೇ ಅವನ ಹೊಲಕ್ಕೆ ಹೋಗುತ್ತಿದ್ದರು. ಚನ್ನಿಗಪ್ಪನಿಗೆ ಹನ್ನೊಂದು ವರ್ಷದಿಂದ ಜನರ ನಡುವೆ ನಿಂತು ಅಭ್ಯಾಸ ತಪ್ಪಿತ್ತು. ‘ಅಲ್ ತುಳೀಬ್ಯಾಡಿ, ಇಲ್ ತುಳೀರಿ’ ಎಂದು ಗೊಣಗುತ್ತಾ ತಿರುಗುತ್ತಿದ್ದ. ಒಂದು ದಿನ ಎಲ್ಲರಿಗೂ ತಾನೇ ಉಪ್ಪಿಟ್ಟು ಮಾಡಿ ತಂದ. ಕಣ್ಣು ಕಾಣದೆ ಉಪ್ಪು ಎರಡು ಸಲ ಬಿದ್ದಿತ್ತು. ಹೆಂಗಸರು ಒಂದು ಅಗುಳೂ ಬಿಡದೆ ತಿಂದು, ಮನೆಗೆ ಬಂದು ಚೊಂಬುಗಟ್ಟಲೆ ನೀರು ಕುಡಿದರು.

ದೊಡ್ಡವ್ವ ಎಂಟನೆಯ ದಿನ ಹೋದಳು. ಸಂದಿಯಲ್ಲಿ ಕಾಲಿಡುವ ಮೊದಲೇ ಅವನಿಗೆ ಹೆಜ್ಜೆಯ ಸದ್ದು ತಿಳಿಯಿತು.

‘ನೀನ್ ಬರ್ಬ್ಯಾಡ’ ಎಂದ. ‘ಊರೆಲ್ಲ ಬರ್ಲಿ. ನೀನೊಬ್ಳು ಬರ್ಬ್ಯಾಡ.’

ಆಕೆ ಎತ್ತಿದ ಕಾಲನ್ನು ಹಿಂದಕ್ಕೆ ತೆಗೆದುಕೊಂಡಳು. ಮನೆಗೆ ಬಂದು ಹಿತ್ತಾಳೆಯ ಬೋಗುಣಿಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಒರೆಸಿ, ಅಟ್ಟದ ಮೇಲೆ ಇಟ್ಟಳು. ಜನ ಬೇರು ತಂದರೆ, ‘ಸುಳ್ಳಾಡಿದ ಬಾಯಿ ಕಣಪ್ಪ, ಬ್ಯಾರೆ ಯಾರ ಕೈಲಾದ್ರೂ ನೋಡ್ಸಿ’ ಎಂದು ಕಳಿಸಿಬಿಡುತ್ತಿದ್ದಳು. ಬೇರೆ ಯಾರಿದ್ದರು? ಆ ವರ್ಷ ಬಂದ ಇಬ್ಬರು ಸೊಸೆಯರು ಊರಿಕೊಂಡರೋ ಇಲ್ಲವೋ ಎಂದು ಗೊತ್ತಾಗದೆ ಅತ್ತೆಯರು ಸುಮ್ಮನೆ ಇಬ್ಬರಿಗೂ ಒಬ್ಬಟ್ಟು ಮಾಡಿ ಹಾಕಿದರು. ನಾನು ಎಷ್ಟೋ ಸಲ ಹೇಳಿದೆ, ನೀನು ಕೆಟ್ಟದ್ದಕ್ಕೆ ಹೇಳಿದ ಸುಳ್ಳಲ್ಲವಲ್ಲ ಎಂದು. ‘ಒಳ್ಳೇದಕ್ಕೇ ಹೇಳ್ದೆ’ ಎಂದಳು. ‘ಅವ್ನ ಹೊಲ ಹಳದಿ ಆಯ್ತು. ಐದನೇ ವರ್ಷನೇ ಇಲ್ಲ ಅಂದಿದ್ರೆ ಅವತ್ತೇ ಮುಳ್ಳು ತೆಗೀತಿದ್ನೋ ಏನೋ. ಆರೊರ್ಸ ಒಬ್ನೇ ಕೂರಿಸ್ದೆ ಕಣ್ ಮಗ ನಾನು.’

ವರ್ಷ ತಿರುಗಿತು. ಚನ್ನಿಗಪ್ಪನ ಹೊಲದಲ್ಲಿ ಮೂರೆಲೆ ಎದ್ದು ನಿಂತ ರೀತಿ ನೋಡಬೇಕಿತ್ತು. ಕುಯ್ದಷ್ಟೂ ಚಿಗುರು. ಎಮ್ಮೆಯ ಹಾಲಿನ ಫ್ಯಾಟು ನಾನು ಗಟ್ಟಿ ದನಿಯಲ್ಲಿ ಹೇಳುವ ಹಾಗಾಯಿತು. ಹೂವಿನ ತಿಂಗಳಲ್ಲಿ ಹೆಂಗಸರು ಅವನ ಹೊಲದ ಬೇರುಗಳನ್ನು ತಾವೇ ಕಿತ್ತು ನೋಡಿ ಸಂಭ್ರಮಪಟ್ಟರು ಎಂದು ಕೇಳಿದೆ.

ಒಂದು ದಿನ ಬೆಳಿಗ್ಗೆ ಹತ್ತು ಗಂಟೆಯ ಹೊತ್ತು. ದೊಡ್ಡವ್ವ ಅಂಗಳದಲ್ಲಿ ಮೆಣಸಿನಕಾಯಿ ಹರವುತ್ತಿದ್ದಳು. ಚನ್ನಿಗಪ್ಪ ಒದ್ದೆ ಗೋಣಿತಾಟಿನ ಗಂಟು ಹಿಡಿದು ಬಂದು ನಿಂತ. ಒಂದು ವರ್ಷದಿಂದ ಇಬ್ಬರೂ ಮುಖ ಕೊಟ್ಟು ಮಾತಾಡಿರಲಿಲ್ಲ. ಆಕೆ ಏಳಲೂ ಇಲ್ಲ, ಕೂರೆಂದು ಹೇಳಲೂ ಇಲ್ಲ. ಅವನೇ ಜಗುಲಿಯನ್ನು ತಡವಿಕೊಂಡು ಕೂತ.

‘ಬೋಗಣಿ ತತ್ತಾ’ ಎಂದ.

‘ನಾನ್ ಬುಟ್ಟೆ ಚನ್ನಿಗಣ್ಣ.’

‘ತತ್ತಾ ಅಂದ್ನಲ್ಲ. ಚೆಲುವಿ ನೋಡಿ ಮೂರೈತೆ ಅಂದ್ಲು. ಅಂಚೆಯೋನು ಐದೈತೆ ಅಂದ. ಇನ್ನೊಬ್ಳು ಬಂದು ಒಂಬತ್ತಂತೆ! ಊರೋರೆಲ್ಲ ನನ್ ಬೆರಳು ಹಿಡ್ಕೊಂಡು ಇಲ್ಲೈತೆ ಅಲ್ಲೈತೆ ಅಂತವ್ರೆ. ಒಬ್ರ ಲೆಕ್ಕ ಇನ್ನೊಬ್ರಿಗೆ ತಾಳೆ ಇಲ್ಲ. ನಾನ್ ಯಾರ್ನ ನಂಬ್ಲಿ? ಸುಳ್ಳು ಹೇಳಿ ಸಿಕ್ಕಾಕ್ಕೊಂಡೋಳು ನೀನೊಬ್ಳೇ. ಇನ್ನೊಂದ್ ಸತಿ ನೀನ್ ಹೇಳಾಕಿಲ್ಲ.’

ನಾನು ಅಟ್ಟಕ್ಕೆ ಹತ್ತಿ ಬೋಗುಣಿ ಇಳಿಸಿ ತಂದೆ. ದೊಡ್ಡವ್ವ ನೀರು ತುಂಬಿಕೊಂಡು ಬೇರನ್ನು ಮೂರು ಸಲ ತೊಳೆದಳು. ಬಿಸಿಲಿಗೆ ಹಿಡಿದಳು. ನಾನೂ ಬಗ್ಗಿ ನೋಡಿದೆ. ಎಂಥ ಬೇರು! ಬೂದಿ, ಎಳೆಹಸಿರು, ಅರಿಶಿನ, ಎಳ್ಳಿನ ಬಿಳುಪು. ಜಾತ್ರೆಗೆ ಬಂದ ಮಕ್ಕಳ ಅಂಗಿಗಳ ಹಾಗೆ ಬಣ್ಣ ಬಣ್ಣ. ನಾನು ನೇರಳೆಗಾಗಿ ಹುಡುಕಿದೆ. ದೊಡ್ಡವ್ವ ಎರಡನೆಯ ಸಲ, ಮೂರನೆಯ ಸಲ ತಿರುಗಿಸಿ ನೋಡಿದಳು. ಒಂದೆರಡು ಗಂಟನ್ನು ಉಗುರಿನಿಂದ ಸೀಳಿಯೂ ನೋಡಿದಳು.

‘ಇಲ್ಲ ಚನ್ನಿಗಣ್ಣ.’

‘ಒಂದೂ?’

‘ಒಂದೂ ಇಲ್ಲ. ಊರೋರ್ದೆಲ್ಲ ಐತೆ. ನಿಂದೈತೆ. ಒಳಗೆಲ್ಲ ರಕ್ತ ಇದ್ದಂಗೆ ಕೆಂಪಗೈತೆ, ಹೊಲಕ್ಕೇನೂ ಮೋಸ ಇಲ್ಲ. ಅವ್ಳು ಮಾತ್ರ ಬಂದಿಲ್ಲ.’

ಅವನು ದೊಣ್ಣೆಯನ್ನು ಮೊಣಕಾಲಿನ ಮೇಲೆ ಅಡ್ಡ ಇಟ್ಟುಕೊಂಡು ಕೂತೇ ಇದ್ದ. ಅಳುತ್ತಾನೆ ಅಂದುಕೊಂಡೆ. ಅವನು ಉಸಿರು ಬಿಟ್ಟ, ಹೊತ್ತ ಹೊರೆಯನ್ನು ಇಳಿಸಿದವರು ಬಿಡುವಂಥ ಉಸಿರು. ‘ಅಷ್ಟೇ ಅನ್ನು’ ಎಂದ. ಆಮೇಲೆ, ‘ನಿನ್ನೊಲದಲ್ಲಿ?’ ಎಂದು ಕೇಳಿದ.

‘ಐತೆ. ಹುಣಸೆಮರದ ಮೂಲೇಲಿ. ನಾವಿಬ್ರೂ ಬಿಸ್ಲು ಹೊತ್ನಲ್ಲಿ ಅಲ್ ಕೂತು ನಿನ್ನ ಬೈತಿದ್ವು.’

‘ನನ್ನ? ಏನಂತ?’

‘ಒಂದಾ ಎರಡಾ’ ಎಂದಳು ದೊಡ್ಡವ್ವ. ಒಂದು ವರ್ಷದ ಮೇಲೆ ಮೊದಲ ಸಲ ಆಕೆಯ ಮುಖದಲ್ಲಿ ನಗು ಕಂಡೆ. ‘ಬಾ, ಹೇಳ್ತೀನಿ.’

ನಾನು ಅವನ ಕೈ ಹಿಡಿದುಕೊಂಡು ಹೋದೆ. ಮುದ್ದಮ್ಮ ಸತ್ತ ಮೇಲೆ ಅವನು ಇನ್ನೊಬ್ಬರ ಹೊಲಕ್ಕೆ ಕಾಲಿಟ್ಟದ್ದು ಅದೇ ಮೊದಲು. ಹುಣಸೆಮರದ ಬುಡದಲ್ಲಿ ಚಪ್ಪಲಿ ಬಿಟ್ಟು, ದೊಡ್ಡವ್ವ ತೋರಿಸಿದ ಜಾಗದಲ್ಲಿ ಕೂತ. ಆಕೆ ಅವನಿಂದ ಮಾರು ದೂರದಲ್ಲಿ ಕೂತು ಮುದ್ದಮ್ಮ ಆಡಿದ ಮಾತುಗಳನ್ನು ಒಂದೊಂದಾಗಿ ಹೇಳಿದಳು. ಅವನು ಗೊರಕೆ ಹೊಡೆಯುವುದು, ಎಮ್ಮೆಗೆ ಹೆಂಡತಿಗಿಂತ ಮೊದಲು ಉಣ್ಣಿಸುವುದು, ಸಾರಿಗೆ ಉಪ್ಪು ಎಷ್ಟೆಂದು ಜನ್ಮದಲ್ಲಿ ತಿಳಿಯದಿರುವುದು. ಅವನು ಕೆಲವಕ್ಕೆ ‘ಅದ್ ಸುಳ್ಳು’ ಎಂದು ರೇಗಿದ, ಕೆಲವಕ್ಕೆ ತಲೆ ತಗ್ಗಿಸಿಕೊಂಡು ನಕ್ಕ. ಮಾರನೆಯ ದಿನವೂ ಬಂದ. ಮಾತು ಮುಗಿದುಹೋದ ಮೇಲೂ ಬರುತ್ತಿದ್ದ. ಬುತ್ತಿ ತಂದು ಅಲ್ಲೇ ಉಣ್ಣುತ್ತಿದ್ದ, ಮರದ ನೆರಳು ಸರಿದಂತೆ ತಾನೂ ಸರಿದು ಕೂರುತ್ತಿದ್ದ. ಕೆಲವು ದಿನ ಒಬ್ಬನೇ ಇದ್ದಾಗ ಯಾರಿಗೋ ಏನೋ ಹೇಳುತ್ತಿರುವ ದನಿ ನಮ್ಮ ಬಾವಿಕಟ್ಟೆಯವರೆಗೂ ಕೇಳುತ್ತಿತ್ತು. ನಾವು ಆಗ ಬಿಂದಿಗೆ ಸದ್ದು ಮಾಡದೆ ನೀರು ಸೇದುತ್ತಿದ್ದೆವು.

ದೊಡ್ಡವ್ವ ಮತ್ತೆ ಬೇರು ನೋಡತೊಡಗಿದಳು. ಜಗುಲಿಯ ಮೇಲೆ ಮತ್ತೆ ಜನ. ಇಬ್ಬರು ಸೊಸೆಯರೂ ಊರಿಕೊಂಡಿದ್ದರೆಂದು ಗೊತ್ತಾಯಿತು, ಒಬ್ಬಟ್ಟು ದಂಡವಾಗಿರಲಿಲ್ಲ.

ಮುಂದಿನ ಬೆಳೆ ಹೂವಿಗೆ ಬಂದಾಗ ಆಕೆ ಹು‌ಣಸೆಮರದ ಮೂಲೆಗೆ ತಾನೇ ಹೋದಳು. ಚನ್ನಿಗಪ್ಪ ಅಲ್ಲೇ ಕೂತಿದ್ದ. ಅವನ ಮಂಡಿಯ ಪಕ್ಕದಲ್ಲಿದ್ದ ಒಂದು ಗಿಡದ ಬುಡವನ್ನು ಬೆರಳಿನಿಂದ ಬಿಡಿಸಿ, ಕೀಳದೆಯೇ, ನಾನು ತಂದ ಚೊಂಬಿನ ನೀರು ಹನಿಹನಿಯಾಗಿ ಬಿಟ್ಟು ಬೇರಿನ ಮಣ್ಣು ತೊಳೆದಳು. ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು.

‘ಏನೈತೆ?’ ಎಂದ ಅವನು. ಬೆರಳು ಮುಂದೆ ಮಾಡಲಿಲ್ಲ.

‘ನಂದು ನಾಲ್ಕೈತೆ. ಮುದ್ದಮ್ಮಂದು ಐದೈತೆ.’ ಆಕೆ ನಿಲ್ಲಿಸಿ ಇನ್ನೊಮ್ಮೆ ನೋಡಿ ಗಟ್ಟಿ ಮಾಡಿಕೊಂಡಳು. ‘ನಿಂದು ಎರಡು ಐತೆ ಚನ್ನಿಗಣ್ಣ. ಅವ್ಳ ಮಗ್ಗುಲಲ್ಲೇ ಐತೆ.’

ಅವನು ಪೊರೆಗಣ್ಣನ್ನು ಹೊಲದ ಕಡೆ ನೆಟ್ಟು ಕೂತಿದ್ದ.

‘ಜಾಗ ಬುಟ್ಟವ್ಳಾ?’

‘ಬುಟ್ಟವ್ಳೆ’ ಎಂದಳು ದೊಡ್ಡವ್ವ, ಬೇರಿನ ಮೇಲೆ ಮತ್ತೆ ಮಣ್ಣು ಮುಚ್ಚುತ್ತಾ.